ಬಸ್ಸು ನಿಂತಾಗ ಹಿಂದಕ್ಕೆ ಬೀಳುವವರು

ಹದಿನಾರು ವರ್ಷ ನಾನು ಥರ್ಮಾಮೀಟರುಗಳ ಜ್ವರ ನೋಡಿದೆ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು. ಬಿಸಿನೀರಿನ ತೊಟ್ಟಿಯಲ್ಲಿ ಇಪ್ಪತ್ತನಾಲ್ಕು ಗಾಜಿನ ಕಡ್ಡಿಗಳನ್ನು ಒಟ್ಟಿಗೆ ಮುಳುಗಿಸಬೇಕು, ಮೂರು ನಿಮಿಷ ಕಾಯಬೇಕು, ಪಾದರಸ ಎಲ್ಲಿಗೆ ಏರಿದೆ ಎಂದು ಭೂತಗನ್ನಡಿಯಲ್ಲಿ ನೋಡಬೇಕು, ತಪ್ಪು ತೋರಿಸಿದ್ದನ್ನು ಎತ್ತಿ ಡಬ್ಬಿಗೆ ಹಾಕಬೇಕು. ಭೌತಶಾಸ್ತ್ರದಲ್ಲಿ ಪದವಿ ಪಡೆದವಳಿಗೆ ಇದಕ್ಕಿಂತ ಉನ್ನತವಾದ ಹುದ್ದೆ ಎಲ್ಲಿ ಸಿಗಬೇಕು? ಆಮೇಲೆ ಜನ ಗುಂಡಿ ಒತ್ತಿದರೆ ಅಂಕಿ ತೋರಿಸುವ ಥರ್ಮಾಮೀಟರು ಕೊಳ್ಳತೊಡಗಿದರು. ಪಾದರಸ ವಿಷ ಎನ್ನುವುದೂ ಎಲ್ಲರಿಗೂ ಒಂದೇ ಸಲ ನೆನಪಾಯಿತು. ಕಾರ್ಖಾನೆ ಮುಚ್ಚಿತು. ಬೀಳ್ಕೊಡುವಾಗ ನಮಗೆಲ್ಲ ಒಂದೊಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ನಮಗೆ ನೋಡಲು ಸಮಯ ಒಂದೇ ಉಳಿದಿದೆ ಎಂಬುದನ್ನು ಅಷ್ಟು ನಾಜೂಕಾಗಿ ಹೇಳಿದ ಆಡಳಿತ ಮಂಡಳಿಯನ್ನು ನಾನು ಬೇರೆ ಕಂಡಿಲ್ಲ.

ಆಗ ನನಗೆ ನಲವತ್ತೆರಡು. ಭೌತಶಾಸ್ತ್ರ ಮತ್ತು ಗಣಿತದ ಟೀಚರ್ ಆಗುತ್ತೇನೆ ಎಂದು ಊಟದ ಮೇಜಿನ ಮುಂದೆ ಘೋಷಿಸಿದೆ. ನಮ್ಮ ಮನೆಯವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ತಟ್ಟೆಯಿಂದ ತಲೆ ಎತ್ತದೆ "ಒಳ್ಳೇದು" ಎಂದರು. ಕೆಮ್ಮಿನ ಔಷಧಿ ಕೇಳಿದವರಿಗೂ ಅವರು ಮೊದಲು ಅದನ್ನೇ ಹೇಳುತ್ತಾರೆ. ಅತ್ತೆ ಮಾತ್ರ ವಿಷಯಕ್ಕೆ ತಕ್ಕ ಗಮನ ಕೊಟ್ಟರು.

"ಮನೇಲಿ ಇರೋ ಇಬ್ಬರಿಗೆ ಪಾಠ ಹೇಳಿದ್ದು ಸಾಕಾಗ್ಲಿಲ್ಲ ಇವಳಿಗೆ" ಎಂದು ಮಗನಿಗೆ ಹೇಳಿದರು. ನಾನು ಎದುರಿಗೇ ಕುಳಿತಿದ್ದೆ.

ಶಿಕ್ಷಕರ ತರಬೇತಿ ಕಾಲೇಜು ಮೂರು ಮಹಡಿಯ ಕಟ್ಟಡ. ಮೆಟ್ಟಿಲ ಮೇಲೆಲ್ಲ ಅಂಟು, ಬಣ್ಣ ಮತ್ತು ಕತ್ತರಿಸಿದ ಥರ್ಮೋಕೋಲಿನ ವಾಸನೆ. ತರಗತಿಯಲ್ಲಿ ಮೂವತ್ತೆಂಟು ಜನ. ನನ್ನನ್ನು ಬಿಟ್ಟರೆ ಉಳಿದವರ ಸರಾಸರಿ ವಯಸ್ಸು ಇಪ್ಪತ್ತಮೂರು. ನನ್ನನ್ನೂ ಸೇರಿಸಿದರೆ ಇಪ್ಪತ್ತಮೂರೂವರೆ. ಸರಾಸರಿ ಎಂಬ ಪಾಠಕ್ಕೆ ನಾನೇ ಒಳ್ಳೆಯ ಉದಾಹರಣೆಯಾಗಿದ್ದೆ. ಮೊದಲ ತಿಂಗಳು ಎಲ್ಲರೂ ನನ್ನನ್ನು ಆಂಟಿ ಎಂದು ಕರೆದರು. ನನ್ನ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಲು ಶುರುವಾದ ಮೇಲೆ ಅಕ್ಕ ಎಂದರು. ಬಡ್ತಿ ಎಂದರೆ ಇದೇ.

ನಮಗೆ ಬೋಧನಾ ವಿಧಾನ ಕಲಿಸುತ್ತಿದ್ದ ಮೇಷ್ಟರಿಗೆ ಹಿಂದಿನ ವರ್ಷದವರು ಇಟ್ಟು ಹೋದ ಹೆಸರು 'ಐದು ಹಂತ'. ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಜೇಬಿನಲ್ಲಿ ಕೆಂಪು, ಹಸಿರು, ನೀಲಿ ಮೂರು ಪೆನ್ನು. ಪಾಠ ಯಾವುದೇ ಇರಲಿ, ಅದಕ್ಕೆ ಐದು ಹಂತ ಇರಲೇಬೇಕು. ಪೀಠಿಕೆ, ಉದ್ದೇಶ ಕಥನ, ವಿಷಯ ಮಂಡನೆ, ಪುನರಾವರ್ತನೆ, ಮನೆಗೆಲಸ. ಪಾಠ ಮಾಡುವ ಮುಂಚೆ ಇದನ್ನೆಲ್ಲ ಗೆರೆ ಎಳೆದ ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಎಡಗಡೆ ಶಿಕ್ಷಕರು ಏನು ಕೇಳುತ್ತಾರೆ ಎಂದು ಬರೆಯಬೇಕು, ಬಲಗಡೆ ಮಕ್ಕಳು ಏನು ಉತ್ತರ ಕೊಡುತ್ತಾರೆ ಎಂದು ಬರೆಯಬೇಕು. ಇನ್ನೂ ಮುಖ ನೋಡದ ಮಕ್ಕಳು ಮುಂದಿನ ಮಂಗಳವಾರ ಹನ್ನೊಂದೂ ಹತ್ತಕ್ಕೆ ಏನು ಹೇಳುತ್ತಾರೆ ಎಂದು ಇವತ್ತೇ ಬರೆದಿಡಲು ಯಾವ ಜ್ಯೋತಿಷಿಗೂ ಧೈರ್ಯ ಬರಲಿಕ್ಕಿಲ್ಲ. ನಾವು ವಾರಕ್ಕೆ ನಾಲ್ಕು ಬರೆಯುತ್ತಿದ್ದೆವು.

ಒಂದು ಸಲ ನಾನು ಬಲಗಡೆ 'ಮಕ್ಕಳು ಸುಮ್ಮನಿರುತ್ತಾರೆ' ಎಂದು ಬರೆದೆ. ಐದು ಹಂತದವರು ಅದರ ಕೆಳಗೆ ಕೆಂಪು ಗೆರೆ ಎಳೆದರು. ಮಕ್ಕಳು ಸುಮ್ಮನಿರುವುದಿಲ್ಲ, ಸರಿಯುತ್ತರ ಕೊಡುತ್ತಾರೆ ಎಂದು ತಿಳಿಹೇಳಿದರು. ಇಪ್ಪತ್ತಾರು ವರ್ಷದ ಅನುಭವ ಅವರದು.

ತರಬೇತಿ ಮುಗಿಯುವುದರೊಳಗೆ ಅರವತ್ತು ಗಂಟೆ ಸ್ವಯಂಸೇವೆ ಮಾಡಿರಬೇಕೆಂಬುದು ಕಡ್ಡಾಯ. ಸ್ವಯಂ ಇಚ್ಛೆಯಿಂದ ಮಾಡುವುದನ್ನು ಕಡ್ಡಾಯ ಮಾಡಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಗಂಟೆ ಹೆಚ್ಚಾದೀತು ಎಂಬ ಭಯ. ಬುದ್ಧಿವಂತರೆಲ್ಲ ಗಿಡ ನೆಡುವುದಕ್ಕೆ ಹೆಸರು ಬರೆಸಿದರು. ಒಂದು ಗುಂಡಿ, ಒಂದು ಗಿಡ, ಹನ್ನೆರಡು ಜನ, ಒಂದು ಫೋಟೋ. ಹೆಸರು ಬರೆಸುವ ದಿನ ಅತ್ತೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದ್ದದ್ದರಿಂದ ನಾನು ಮರುದಿನ ಹೋದೆ. ಗಿಡಗಳು ಖಾಲಿಯಾಗಿದ್ದವು. ಉಳಿದದ್ದು ಮನುಷ್ಯರು. ಶಾಲೆ ಬಿಟ್ಟ ದೊಡ್ಡವರಿಗೆ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸುವ ಸಂಜೆ ಶಾಲೆಯೊಂದಕ್ಕೆ ವಿಜ್ಞಾನ, ಗಣಿತ ಹೇಳಿಕೊಡುವವರು ಬೇಕಾಗಿದ್ದರು.

ಆ ಶಾಲೆ ಒಂದು ಹಳೆಯ ಮುದ್ರಣಾಲಯದ ಮೇಲಿನ ಕೋಣೆ. ನಡೆಸುತ್ತಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರು. ಕೆಳಗೆ ಯಂತ್ರ ಓಡುವಾಗ ಮೇಲೆ ಬೆಂಚುಗಳು ನಡುಗುತ್ತವೆ, ಹಲಗೆಯ ಮೇಲೆ ಎಳೆದ ಗೆರೆ ತಾನಾಗಿಯೇ ಅಲೆಯಾಗುತ್ತದೆ. ಐದೂವರೆಯಿಂದ ಏಳರವರೆಗೆ ಪಾಠ. ವಿದ್ಯಾರ್ಥಿಗಳು ಆರು ಜನ. ಐವತ್ತೆರಡು ವಯಸ್ಸಿನ ಒಬ್ಬ ವೆಲ್ಡರ್, ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಅಕ್ಕತಂಗಿ, ಒಬ್ಬ ಕಾವಲುಗಾರ, ಹಾಸ್ಟೆಲಿನ ಅಡುಗೆಯಾಕೆ, ಮತ್ತು ಹದಿನೆಂಟು ವರ್ಷದಿಂದ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್. ಈ ಕೊನೆಯಾಕೆಯನ್ನು ಎಲ್ಲರೂ ಕಂಡಕ್ಟರಕ್ಕ ಎನ್ನುತ್ತಿದ್ದರು. ಹತ್ತನೆಯದು ಪಾಸಾದರೆ ಬಸ್ ನಿಲ್ದಾಣದಲ್ಲಿ ಕೂತು ಬಸ್ಸುಗಳ ವೇಳೆ ನೋಡುವ ಕಂಟ್ರೋಲರ್ ಆಗಬಹುದು. ಮೂರು ಸಲ ಕಟ್ಟಿ ಮೂರು ಸಲವೂ ವಿಜ್ಞಾನದಲ್ಲಿ ಬಿದ್ದಿದ್ದರು.

ಮೊದಲ ದಿನ ನಾನು ಸುರುಳಿ ಸುತ್ತಿದ ಚಾರ್ಟು, ಸಹಿ ಹಾಕಿಸಿದ ಪಾಠಯೋಜನೆ ಎರಡನ್ನೂ ಹಿಡಿದು ಹೋದೆ. ಕೈಯಲ್ಲಿದ್ದುದನ್ನು ಚಾಚೂ ತಪ್ಪದೆ ಓದಿದೆ.

"ಮಕ್ಕಳೇ, ನೀವು ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತೀರಿ?"

ಬಲಗಡೆ ಬರೆದಿದ್ದ ಉತ್ತರ 'ಹಲ್ಲುಜ್ಜುತ್ತೇವೆ'. ಅಲ್ಲಿಂದ ಬ್ರಷ್ಷಿಗೆ, ಬ್ರಷ್ಷಿನಿಂದ ಘರ್ಷಣೆಗೆ ಹೋಗಬೇಕಿತ್ತು. ವೆಲ್ಡರ್ ತಮ್ಮ ಸುಟ್ಟ ಕಲೆಗಳ ಕೈಯನ್ನು ಬೆಂಚಿನ ಮೇಲೆ ಇಟ್ಟುಕೊಂಡು ಸ್ವಲ್ಪ ಯೋಚಿಸಿ, ಎದ್ದ ಕೂಡಲೇ ಸೊಂಟ ಹಿಡಿದುಕೊಂಡು ಹತ್ತು ನಿಮಿಷ ಕೂರುತ್ತೇನೆ ಎಂದರು. ಲಾಂಡ್ರಿಯ ಅಕ್ಕ ನಾನೂ ಎಂದರು. ಸೊಂಟದಿಂದ ಘರ್ಷಣೆಗೆ ದಾರಿ ಹುಡುಕುವಷ್ಟರಲ್ಲಿ ಕೆಳಗೆ ಯಂತ್ರ ಶುರುವಾಗಿ ಚಾರ್ಟು ಗೋಡೆಯಿಂದ ಕಳಚಿ ಬಿತ್ತು. ಬಿದ್ದದ್ದು ಒಳ್ಳೆಯದೇ ಆಯಿತು. ಅದರ ಮೇಲೆ ನಾನು ಬರೆದಿದ್ದ ಹಲ್ಲುಜ್ಜುವ ಹುಡುಗ ಯಾರನ್ನೋ ಕಚ್ಚಲು ಬರುವಂತಿದ್ದ.

ಮೂರು ವಾರದಲ್ಲಿ ನಾನು ಮಕ್ಕಳೇ ಎನ್ನುವುದನ್ನು ಬಿಟ್ಟೆ. ಉಳಿದ ಮದವೆಲ್ಲ ಹಾಗೆಯೇ ಇತ್ತು. ನಾನು ಬಂದು ಹೇಳಿದ್ದರಿಂದ ಇವರು ತಿಳಿದುಕೊಳ್ಳುತ್ತಿದ್ದಾರೆ ಎಂಬ ಭಾವನೆ ಬಹಳ ಬೆಚ್ಚಗಿನದು, ಬಿಡಲು ಮನಸ್ಸು ಬರುವುದಿಲ್ಲ. ಹಾಗೆ ಬೆಚ್ಚಗಿದ್ದಾಗಲೇ ಜಡತ್ವದ ಪಾಠ ಬಂತು.

ಓಡುವ ವಸ್ತು ಓಡುತ್ತಲೇ ಇರಲು ನೋಡುತ್ತದೆ, ನಿಂತದ್ದು ನಿಂತೇ ಇರಲು ನೋಡುತ್ತದೆ, ಇದೇ ಜಡತ್ವ ಎಂದೆ. ಪುಸ್ತಕದಲ್ಲಿ ಇದ್ದ ಉದಾಹರಣೆಯನ್ನೇ ಕೊಟ್ಟೆ. ಓಡುತ್ತಿರುವ ಬಸ್ಸು ನಿಂತಾಗ ಪ್ರಯಾಣಿಕರು ಮುಂದಕ್ಕೆ ಬೀಳುತ್ತಾರೆ. ಎಲ್ಲರೂ ಬರೆದುಕೊಂಡರು. ಕಂಡಕ್ಟರಕ್ಕ ಪೆನ್ನು ಕೆಳಗಿಟ್ಟರು.

"ಮೇಡಂ, ಬಸ್ ನಿಂತಾಗ ಜನ ಹಿಂದಕ್ಕೆ ಬೀಳ್ತಾರೆ."

ಇಲ್ಲ, ಮುಂದಕ್ಕೆ ಎಂದೆ. ಹೊರಡುವಾಗ ಹಿಂದಕ್ಕೆ, ನಿಲ್ಲುವಾಗ ಮುಂದಕ್ಕೆ. ಪುಸ್ತಕದ ಚಿತ್ರವನ್ನೂ ತೋರಿಸಿದೆ. ಚಿತ್ರದಲ್ಲಿ ನಾಲ್ಕು ಜನ ಒಂದೇ ಕೋನದಲ್ಲಿ ಮುಂದಕ್ಕೆ ವಾಲಿದ್ದರು, ನಾಲ್ವರ ಮುಖದಲ್ಲೂ ಒಂದೇ ನಗು.

"ಇದನ್ನ ಬರೆದೋರು ಕಾರಲ್ಲಿ ಓಡಾಡ್ತಾರೆ ಅನ್ಸುತ್ತೆ" ಎಂದರು ಕಂಡಕ್ಟರಕ್ಕ. "ನಾನು ಹದಿನೆಂಟು ವರ್ಷದಿಂದ ನಿಂತ್ಕೊಂಡೇ ಇದೀನಿ ಮೇಡಂ. ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲ್ತಾರೆ, ನಿಜ. ಆದ್ರೆ ಪೂರ್ತಿ ನಿಂತ ಗಳಿಗೆಯಲ್ಲಿ ಹಿಂದಕ್ಕೇ ಬೀಳೋದು. ನನ್ನ ಕಾಲು ತುಳಿದಿರೋರೆಲ್ಲ ಹಾಗೇ ತುಳಿದಿರೋದು."

ಉಳಿದ ಐವರೂ ನನ್ನ ಮುಖ ನೋಡಿದರು. ಅಂಥ ಸಮಯದಲ್ಲಿ ಒಳ್ಳೆಯ ಶಿಕ್ಷಕಿ ಏನು ಮಾಡಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ಎಂಟು ಪುಟದ ಪ್ರಬಂಧ ಬರೆದು ಬಹುಮಾನ ಪಡೆದಿದ್ದೆ. ನಾನು ಮಾಡಿದ್ದು ಇಷ್ಟು. ಅನುಭವ ಬೇರೆ, ವಿಜ್ಞಾನ ಬೇರೆ ಎಂದು ಗಂಭೀರವಾಗಿ ಹೇಳಿ ಪುಟ ತಿರುವಿದೆ. ಕಂಡಕ್ಟರಕ್ಕ ಜಗಳಕ್ಕೆ ಬರಲಿಲ್ಲ. ಪಾಠ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು, ಭಾನುವಾರ ತನ್ನ ಪಾಳಿ ಬೆಳಿಗ್ಗೆ ಏಳರಿಂದ, ಪುರುಸೊತ್ತಿದ್ದರೆ ಬನ್ನಿ ಎಂದು ಕರೆದರು. ಮದುವೆಗೆ ಕರೆದಷ್ಟೇ ಮರ್ಯಾದೆಯಿಂದ.

ಹೋಗಬಾರದು ಎಂದುಕೊಂಡೇ ಹೋದೆ. ಆಕೆಯ ತಪ್ಪನ್ನು ಸಾಕ್ಷಿ ಸಮೇತ ತೋರಿಸುವ ಆಸೆಯೂ ಇತ್ತು.

ಬಸ್ಸು ಡಿಪೋದಿಂದ ಹೊರಟಾಗ ಖಾಲಿ. ಮೂರನೆಯ ನಿಲ್ದಾಣಕ್ಕೆ ಸೀಟು ತುಂಬಿತು, ಆರನೆಯದಕ್ಕೆ ನಿಲ್ಲಲೂ ಜಾಗವಿಲ್ಲ. ನಾನು ಹಿಂಬಾಗಿಲ ಹತ್ತಿರ ಕಂಬ ಹಿಡಿದು ನಿಂತೆ. ಕಂಡಕ್ಟರಕ್ಕ ಯಾವುದನ್ನೂ ಹಿಡಿಯದೆ ಆ ಗುಂಪಿನಲ್ಲಿ ಬೆಣ್ಣೆಯಲ್ಲಿ ಕೂದಲು ಓಡಾಡಿದಂತೆ ಓಡಾಡುತ್ತಿದ್ದರು. ಬ್ರೇಕ್ ಬಿದ್ದಾಗ ಜನ ಮುಂದಕ್ಕೆ ವಾಲಿದರು. ನೋಡಿ ಎನ್ನುವಂತೆ ನಾನು ಆಕೆಯ ಕಡೆ ಹುಬ್ಬು ಹಾರಿಸಿದೆ. ಆಕೆ ಒಂದು ಬೆರಳು ಎತ್ತಿದರು, ತಡೀರಿ ಎಂದು. ಬಸ್ಸು ಪೂರ್ತಿ ನಿಂತಿತು. ನಿಂತ ಆ ಗಳಿಗೆಯಲ್ಲಿ ಮೂವತ್ತು ಜನ ಒಟ್ಟಿಗೆ, ಯಾರೋ ಎದೆಗೆ ಕೈಹಾಕಿ ತಳ್ಳಿದಂತೆ, ಹಿಂದಕ್ಕೆ ತೂರಾಡಿದರು. ಅವರ ಜೊತೆ ನಾನೂ. ಕಂಬ ಕೈತಪ್ಪಿ, ಹಿಂದಿನ ಸೀಟಿನಲ್ಲಿ ಮೊಟ್ಟೆಯ ಟ್ರೇ ತೊಡೆಯ ಮೇಲಿಟ್ಟುಕೊಂಡಿದ್ದ ಗೃಹಸ್ಥರೊಬ್ಬರ ಮೇಲೆ ಕುಳಿತೆ. ನನ್ನ ಭೌತಶಾಸ್ತ್ರದ ಪದವಿಯ ಒಟ್ಟು ತೂಕಕ್ಕೆ ಹನ್ನೊಂದು ಮೊಟ್ಟೆ ಒಡೆದವು.

ಗೃಹಸ್ಥರು ಒಡೆಯದೆ ಉಳಿದವನ್ನು ಎಣಿಸಿಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದು ಹೋದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಆಮೇಲೆ ಹದಿನಾಲ್ಕು ನಿಲ್ದಾಣ ನೋಡಿದೆ. ಪ್ರತಿ ಸಲವೂ ಅದೇ. ಬ್ರೇಕ್ ಬಿದ್ದಾಗ ಮುಂದೆ, ನಿಂತಾಗ ಹಿಂದೆ. ಇಪ್ಪತ್ತೈದು ವರ್ಷದಿಂದ ನಾನೂ ಬಸ್ಸಿನಲ್ಲೇ ಓಡಾಡಿದವಳು, ನೂರಾರು ಸಲ ಹಿಂದಕ್ಕೆ ತೂರಾಡಿದವಳು. ಆದರೂ ಪರೀಕ್ಷೆಯಲ್ಲಿ 'ಮುಂದಕ್ಕೆ' ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ಏಕೆ ಹೀಗೆ ಎಂದು ತಲೆ ಕೆಡಿಸಿಕೊಂಡು, ಬ್ಯಾಗಿನಿಂದ ಕಾಗದ ತೆಗೆದು ಬಾಣದ ಗುರುತು ಹಾಕತೊಡಗಿದೆ. ಕಂಡಕ್ಟರಕ್ಕ ಪಕ್ಕದಿಂದ ದಾಟುತ್ತಾ, ಎರಡು ಟಿಕೆಟಿನ ನಡುವೆ ಹೇಳಿದರು.

"ಬ್ರೇಕ್ ಹಾಕಿದ್ರೆ ಮುಂದೆ ಬೀಳ್ತೀವಿ ಅಂತ ಕಾಲಿಗೆ ಗೊತ್ತಿರುತ್ತೆ ಮೇಡಂ. ಅದಕ್ಕೆ ಎಲ್ರೂ ಮೈನ ಹಿಂದಕ್ಕೆ ತಳ್ಕೊಂಡು ನಿಂತಿರ್ತಾರೆ. ಬಸ್ಸು ನಿಂತುಬಿಡುತ್ತೆ, ಇವರು ತಳ್ಳೋದು ನಿಲ್ಸಿರಲ್ಲ."

ನಾನು ಕಾಗದ ಮಡಚಿ ಒಳಗಿಟ್ಟೆ. ಅದೇ ಉತ್ತರ. ಬಾಣಗಳಿಂದ ನಾನು ಅಲ್ಲಿಗೆ ತಲುಪಲು ಇನ್ನೂ ಒಂದು ಗಂಟೆ ಬೇಕಾಗಿತ್ತು, ಆಮೇಲೆ ಅದು ನನ್ನದೇ ಸಂಶೋಧನೆ ಎಂದುಕೊಳ್ಳುತ್ತಿದ್ದೆ.

ಮುಂದಿನ ಸಂಜೆ ಆರೂ ಜನರ ಮುಂದೆ, ನಾನು ಹೇಳಿದ್ದು ಅರ್ಧ ಸತ್ಯ, ಕಂಡಕ್ಟರಕ್ಕ ಹೇಳಿದ್ದು ಪೂರ್ತಿ ಸತ್ಯ ಎಂದು ಒಪ್ಪಿಕೊಂಡೆ. ನಾಲಗೆ ಅಷ್ಟೊಂದು ಭಾರವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ವೆಲ್ಡರ್ ಖುಷಿಯಾಗಿ, ಬ್ರೇಕ್ ಹಾಕಿದಾಗ ಬಸ್ಸು ಮೂತಿ ತಗ್ಗಿಸುತ್ತೆ, ನಿಂತಾಗ ಸ್ಪ್ರಿಂಗು ಅದನ್ನು ಎತ್ತುತ್ತೆ, ಆ ಎತ್ತಾಟವೂ ಜನರನ್ನು ಹಿಂದಕ್ಕೆ ತಳ್ಳುತ್ತೆ ಎಂದು ಸೇರಿಸಿದರು. ಅದೂ ಸರಿಯೇ. ಅವತ್ತಿನ ಪಾಠ ಯಾವ ಯೋಜನೆಯಲ್ಲೂ ಇರಲಿಲ್ಲ, ಅದಕ್ಕೆ ಹಂತಗಳೂ ಇರಲಿಲ್ಲ, ಏಳಕ್ಕೆ ಮುಗಿಯಬೇಕಾದದ್ದು ಏಳೂಮುಕ್ಕಾಲಾಯಿತು. ಅತ್ತೆ ಬಾಗಿಲು ತೆರೆಯುತ್ತಾ, "ಅಲ್ಲಿ ಪಾಠ ಹೇಳ್ತೀಯೋ, ಕೇಳ್ತೀಯೋ?" ಎಂದರು. ಆಕೆಯ ಕಣ್ಣಿಗೆ ಹೊಸ ಮಸೂರ ಹಾಕಿಸಿದ್ದು ತಪ್ಪಾಯಿತು ಎನ್ನಿಸಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಖವಾಗಿ ಪಾಸಾಗುತ್ತಿದ್ದೆ. ಆದರೆ ಹೊಸದಾಗಿ ಸತ್ಯ ಕಂಡವರ ಕಾಟ ಊರಿಗೆಲ್ಲ. ಅಂತಿಮ ಪಾಠಕ್ಕೆ ನನ್ನನ್ನು ಒಂದು ಹೆಣ್ಣುಮಕ್ಕಳ ಶಾಲೆಯ ಒಂಬತ್ತನೆಯ ತರಗತಿಗೆ ಹಾಕಿದರು. ಅಂಕ ಕೊಡುವವರು ಐದು ಹಂತದವರೇ. ಹಿಂದಿನ ಬೆಂಚಿನಲ್ಲಿ ಮೂರು ಪೆನ್ನು ಜೋಡಿಸಿಟ್ಟುಕೊಂಡು ಕುಳಿತರು. ವಿಷಯವನ್ನು ನಾನೇ ಆರಿಸಿಕೊಳ್ಳಬಹುದಿತ್ತು. ಶಬ್ದ, ಬೆಳಕು, ಸರಳ ಸಮೀಕರಣ ಎಲ್ಲವೂ ಇದ್ದವು. ನಾನು ಜಡತ್ವ ಎಂದೆ.

ಬಸ್ಸು ನಿಂತಾಗ ಯಾವ ಕಡೆ ಬೀಳುತ್ತೀರಿ ಎಂದು ಕೇಳಿದೆ. ನಲವತ್ತು ಹುಡುಗಿಯರು ಒಂದೇ ಧ್ವನಿಯಲ್ಲಿ "ಮುಂದಕ್ಕೆ ಮಿಸ್" ಎಂದರು. ಬಲಗಡೆಯ ಉತ್ತರ ಅದೇ ಆಗಿತ್ತು. ಐದು ಹಂತದವರು ಹಸಿರು ಪೆನ್ನಿನಿಂದ ಗುರುತು ಹಾಕಿಕೊಂಡದ್ದು ಕಂಡಿತು. ಆಗ ನಾನು, ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬಂದವರು ಯಾರು ಎಂದೆ. ಹದಿನೇಳು ಕೈ ಎದ್ದವು. ಕಣ್ಣು ಮುಚ್ಚಿ, ಬಸ್ಸು ಹತ್ತಿ, ಇಳಿಯುವ ನಿಲ್ದಾಣದವರೆಗೆ ಬನ್ನಿ, ಬಸ್ಸು ನಿಂತಿತು, ಈಗ ಹೇಳಿ ಎಂದೆ. ಎರಡನೆಯ ಸಾಲಿನಿಂದ ಉದ್ದ ಜಡೆಯ ಹುಡುಗಿಯೊಬ್ಬಳು ಮೆಲ್ಲಗೆ, ಹಿಂದಕ್ಕೆ ಅನ್ನಿಸುತ್ತದೆ ಎಂದಳು. ಪಕ್ಕದವಳು ಇಲ್ಲವೇ ಇಲ್ಲ ಎಂದಳು. ಅಲ್ಲಿಗೆ ತರಗತಿ ಎರಡು ಪಕ್ಷವಾಯಿತು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ.

ಕುಡಿಯುವ ನೀರಿನ ಕ್ಯಾನು ಸಾಗಿಸುವ ಚಕ್ರದ ಹಲಗೆ ಪಡಸಾಲೆಯಲ್ಲಿ ಇತ್ತು. ಅದನ್ನು ಒಳಗೆ ತರಿಸಿದೆ. ಉದ್ದ ಜಡೆಯವಳನ್ನು ಅದರ ಮೇಲೆ ನಿಲ್ಲಿಸಿ, ಇಬ್ಬರಿಂದ ಮೆಲ್ಲಗೆ ಎಳೆಸಿ, ನಿಧಾನಿಸಿ ನಿಲ್ಲಿಸಿದೆವು. ಅವಳು ಮೊದಲು ಮುಂದಕ್ಕೆ ವಾಲಿ, ಕಾಲು ಬಿಗಿಹಿಡಿದು, ಹಲಗೆ ನಿಂತ ಕೂಡಲೇ ಹಿಂದಕ್ಕೆ ಬಂದು ನನ್ನ ತೋಳಿನಲ್ಲಿ ಬಿದ್ದಳು. ಆಮೇಲೆ ಎಲ್ಲರಿಗೂ ಬೀಳಬೇಕಾಯಿತು. ಸಾಲು ನಿಂತರು, ತಳ್ಳಾಡಿದರು, ನಕ್ಕರು, ಪಕ್ಕದ ತರಗತಿಯ ಟೀಚರ್ ಬಂದು ಇಣುಕಿ ಹೋದರು. ನನಗೆ ಅಷ್ಟು ಸಂತೋಷ ಹದಿನಾರು ವರ್ಷದಲ್ಲಿ ಯಾವ ತೊಟ್ಟಿಯ ಮುಂದೆಯೂ ಆಗಿರಲಿಲ್ಲ. ಗಂಟೆ ಹೊಡೆದಾಗ ನಾನು ಮೂರನೆಯ ಹಂತದಲ್ಲೇ ಇದ್ದೆ. ಚಾರ್ಟು ಬಿಚ್ಚಿರಲೇ ಇಲ್ಲ.

ಇಪ್ಪತ್ತೈದಕ್ಕೆ ಒಂಬತ್ತು ಅಂಕ. ಷರಾ ಮೂರು ಬಣ್ಣದಲ್ಲಿತ್ತು. ಶಿಸ್ತು ಇಲ್ಲ ಎಂದು ಕೆಂಪಿನಲ್ಲಿ, ಪಾಠೋಪಕರಣ ಬಳಸಿಲ್ಲ ಎಂದು ನೀಲಿಯಲ್ಲಿ, ಧ್ವನಿ ಸ್ಪಷ್ಟವಾಗಿದೆ ಎಂದು ಹಸಿರಿನಲ್ಲಿ. ಒಂದು ತಿಂಗಳ ನಂತರ ಮತ್ತೆ ಪಾಠ ಮಾಡಿ ತೋರಿಸಬೇಕು, ಆಗಲೂ ಬಿದ್ದರೆ ಇನ್ನೊಂದು ವರ್ಷ.

ಅವರ ಕೋಣೆಗೆ ಹೋದೆ. ಜಗಳವಾಡಲೆಂದೇ ಹೋದೆ. ನೆಲದಿಂದ ಸೂರಿನವರೆಗೆ ರೆಕಾರ್ಡ್ ಪುಸ್ತಕಗಳು, ನಡುವೆ ಒಂದು ಕುರ್ಚಿಯಷ್ಟು ಜಾಗದಲ್ಲಿ ಅವರು. ಬಸ್ಸಿನ ಕಥೆಯನ್ನೆಲ್ಲ ಹೇಳಿದೆ, ಮೊಟ್ಟೆಗಳನ್ನು ಬಿಟ್ಟು. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು.

"ನೀವು ಹೇಳಿದ್ದು ನಿಜ ಅಂತ ನಂಗೂ ಗೊತ್ತಮ್ಮ" ಎಂದರು. "ನಾನೂ ದಿನಾ ಬಸ್ಸಲ್ಲೇ ಬರೋದು."

"ಮತ್ತೆ ಒಂಬತ್ತು ಯಾಕೆ ಸರ್?"

"ಆ ಮಕ್ಕಳಿಗೆ ಮಾರ್ಚಲ್ಲಿ ಪರೀಕ್ಷೆ ಇದೆ. ಉತ್ತರಪತ್ರಿಕೆ ತಿದ್ದೋರ ಕೈಗೆ ಒಂದು ಮಾದರಿ ಉತ್ತರ ಕೊಟ್ಟಿರ್ತಾರೆ. ಅದರಲ್ಲಿ ಮುಂದಕ್ಕೆ ಅಂತ ಇರುತ್ತೆ. ಹಿಂದಕ್ಕೆ ಅಂತ ಬರೆದ ಹುಡುಗಿಗೆ ಸೊನ್ನೆ. ನೀವು ಹೋಗಿ ಆ ಹುಡುಗೀಗೆ ಏನು ಹೇಳ್ತೀರಿ?"

ಇಪ್ಪತ್ತಾರು ವರ್ಷ ಒಂದು ಬಸ್ಸಿನಲ್ಲಿ ದಿನಕ್ಕೆ ಎರಡು ಸಲ ಹಿಂದಕ್ಕೆ ಬಿದ್ದು, ಇಳಿದು ಬಂದು ಮುಂದಕ್ಕೆ ಎಂದು ಕಲಿಸಿದ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬರಬೇಕೋ ಅಷ್ಟು ಬರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಅದರ ಮುಂದಿನ ವಾರವೇ ಸಂಜೆ ಶಾಲೆಯವರ ಪರೀಕ್ಷೆ. ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಕಂಡಕ್ಟರಕ್ಕ ಉಳಿದರು. ಆಗಲೇ ಸಮವಸ್ತ್ರ ಹಾಕಿದ್ದರು, ರಾತ್ರಿ ಪಾಳಿ ಇತ್ತೇನೋ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ಮೇಡಂ, ಬಸ್ಸಿನ ಪ್ರಶ್ನೆ ಬಂದ್ರೆ ಏನ್ ಬರೀಲಿ?"

ಮೂರು ಸಲ ಬಿದ್ದ ಹೆಂಗಸು. ಇದೊಂದು ದಾಟಿದರೆ ನಿಂತು ನಿಂತು ನರ ಉಬ್ಬಿದ ಕಾಲಿಗೆ ಒಂದು ಕುರ್ಚಿ. ನಾನು ಬಹಳ ಹೊತ್ತು ಯೋಚಿಸಿದೆ ಎಂದು ಹೇಳಿಕೊಳ್ಳಲು ಆಸೆ. ನಿಜವಾಗಿ ಅರ್ಧ ನಿಮಿಷವೂ ಆಗಲಿಲ್ಲ.

"ಮುಂದಕ್ಕೆ ಅಂತ ಬರೀರಿ ಅಕ್ಕ."

ಹೇಳಿದ ಧ್ವನಿ ನನ್ನದಾಗಿರಲಿಲ್ಲ. ಮೂರು ಪೆನ್ನಿನವರ ಧ್ವನಿ ನನ್ನ ಗಂಟಲಿನೊಳಗೆ ಬಂದು ಕುಳಿತಿತ್ತು. ತರಬೇತಿ ಫಲ ಕೊಡುತ್ತಿದೆ ಎಂದುಕೊಂಡೆ. ಕಂಡಕ್ಟರಕ್ಕ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಟಿಕೆಟ್ ತೆಗೆದುಕೊಂಡಿದ್ದೇನೆ ಎಂದು ಸುಳ್ಳು ಹೇಳುವ ಪ್ರಯಾಣಿಕರನ್ನು ನೋಡುವುದು ಹಾಗೆಯೇ ಇರಬೇಕು. ಆಮೇಲೆ ಸರಿ ಮೇಡಂ ಎಂದು ಇಳಿದು ಹೋದರು.

ಪ್ರಶ್ನೆ ಬಂತು. ಬರದೆ ಹೋಗಿದ್ದರೆ ಚೆನ್ನಾಗಿತ್ತು, ಆದರೆ ಎರಡು ಅಂಕಕ್ಕೆ ಅದೇ ಬಂತು. ಪರೀಕ್ಷೆಯ ಮರುದಿನ ಆಕೆ ಮೆಟ್ಟಿಲು ಹತ್ತಿ ಬಂದಾಗ ನಾನು ಕೇಳಲಿಲ್ಲ, ಆಕೆಯೇ ಹೇಳಿದರು.

"ಎರಡೂ ಬರೆದೆ. ಬ್ರೇಕ್ ಹಾಕಿದಾಗ ಮುಂದಕ್ಕೆ, ಪೂರ್ತಿ ನಿಂತಾಗ ಹಿಂದಕ್ಕೆ. ಯಾಕೆ ಅಂತಾನೂ ಬರೆದೆ. ಜಾಗ ಸಾಲ್ದೆ ಪಕ್ಕದಲ್ಲಿ ಬರೆದೆ."

"ಅಂಕ ಹೋದ್ರೆ?"

"ಒಂದು ಕೊಡ್ತಾರೆ, ಒಂದು ಕಿತ್ಕೊಳ್ತಾರೆ. ನಾನು ನಿಂತಿದ್ದೆ ಮೇಡಂ ಆ ಬಸ್ಸಲ್ಲಿ. ನಾನೇ ಇಲ್ಲ ಅಂತ ಹೆಂಗೆ ಬರೀಲಿ?"

ಪಕ್ಕದ ಬೆಂಚಿನಲ್ಲಿದ್ದ ಅಡುಗೆಯಾಕೆ, ಆ ಪ್ರಶ್ನೆಗೆ ತಾನು ಬಸ್ಸಿನ ಚಿತ್ರ ಬರೆದು ಬಂದದ್ದಾಗಿ ಹೇಳಿದರು. ಯಾವ ಕಡೆ ಬೀಳುತ್ತಿದ್ದಾರೆ ಎಂದು ಕಾವಲುಗಾರ ಕೇಳಿದಾಗ, ಬಸ್ಸಿನಲ್ಲಿ ಯಾರನ್ನೂ ಹತ್ತಿಸಲಿಲ್ಲ ಎಂದರು.

ನನ್ನ ಎರಡನೆಯ ಪಾಠಕ್ಕೆ ನಾನು ಬೆಳಕಿನ ಪ್ರತಿಫಲನ ಆರಿಸಿಕೊಂಡೆ. ಐದೂ ಹಂತ ಮಾಡಿದೆ, ಮೂರು ಚಾರ್ಟು ಬಿಚ್ಚಿದೆ, ಹುಡುಗಿಯರು ಬಲಗಡೆ ಬರೆದಿದ್ದನ್ನೇ ಹೇಳಿದರು, ಗಂಟೆ ಹೊಡೆಯಲು ಒಂದು ನಿಮಿಷ ಇರುವಾಗ ಮನೆಗೆಲಸ ಕೊಟ್ಟು ಮುಗಿಸಿದೆ. ತರಗತಿ ಎಷ್ಟು ಶಾಂತವಾಗಿತ್ತೆಂದರೆ ಕೊನೆಯ ಬೆಂಚಿನಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ಇಪ್ಪತ್ತೈದಕ್ಕೆ ಇಪ್ಪತ್ತಮೂರು. ಹೊರಗೆ ಬಂದಾಗ ಉದ್ದ ಜಡೆಯ ಹುಡುಗಿ ಪಡಸಾಲೆಯಲ್ಲಿ ಅಡ್ಡ ನಿಂತು, ಇವತ್ತು ಏಕೆ ಬೀಳಿಸಲಿಲ್ಲ ಮಿಸ್ ಎಂದಳು. ತಲೆನೋವು ಎಂದೆ. ಅದು ಸುಳ್ಳಾಗಿರಲಿಲ್ಲ.

ಫಲಿತಾಂಶ ಬಂದಾಗ ಕಂಡಕ್ಟರಕ್ಕ ವಿಜ್ಞಾನದಲ್ಲಿ ನಲವತ್ತೊಂದು ತೆಗೆದಿದ್ದರು. ಪಾಸಿಗೆ ಮೂವತ್ತೈದು ಸಾಕಾಗಿತ್ತು. ಆ ಎರಡರಲ್ಲಿ ಎಷ್ಟು ಕೊಟ್ಟರೋ ಯಾರಿಗೂ ಗೊತ್ತಿಲ್ಲ. ಕಾವಲುಗಾರರೂ ಲಾಂಡ್ರಿಯ ಅಕ್ಕನೂ ಪಾಸು, ವೆಲ್ಡರ್ ಗಣಿತದಲ್ಲಿ ಪಾಸಾಗಿ ಭಾಷೆಯಲ್ಲಿ ಬಿದ್ದರು. ಅಡುಗೆಯಾಕೆಯೂ ಲಾಂಡ್ರಿಯ ತಂಗಿಯೂ ಮತ್ತೆ ಕಟ್ಟಿದರು. ಪೋಸ್ಟ್‌ಮಾಸ್ಟರು ನನ್ನ ಸೇವಾ ಪತ್ರ ಬರೆದುಕೊಟ್ಟರು. ನಾನು ಮಾಡಿದ್ದು ನೂರಾ ಎಂಬತ್ತು ಗಂಟೆ. ಫಾರಮ್ಮಿನಲ್ಲಿ ಅಂಕಿಗೆ ಎರಡೇ ಚೌಕ ಇದ್ದುದರಿಂದ ಅರವತ್ತು ಎಂದು ಹಾಕಿದರು. ಸೇವೆಯ ಮಿತಿ ತೊಂಬತ್ತೊಂಬತ್ತಕ್ಕೆ ನಿಲ್ಲಬೇಕೆಂದು ಯಾರೋ ದೂರದೃಷ್ಟಿಯಿಂದ ಯೋಚಿಸಿದ್ದರು.

ನನಗೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಭೌತಶಾಸ್ತ್ರ, ಗಣಿತ. ನಮ್ಮ ಮನೆಯವರು "ಒಳ್ಳೇದು" ಎಂದರು. ಜಡತ್ವದ ಪಾಠ ಬಂದಾಗ ಎರಡೂ ಹೇಳುತ್ತೇನೆ. ಬ್ರೇಕ್ ಹಾಕಿದಾಗ, ಪೂರ್ತಿ ನಿಂತಾಗ. ಎರಡನ್ನೂ ಬರೆಯುವ ಧೈರ್ಯ ಇದ್ದವರು ಬರೆಯಿರಿ, ಇಲ್ಲದವರು ಮೊದಲನೆಯದನ್ನಷ್ಟೇ ಬರೆಯಿರಿ ಎನ್ನುತ್ತೇನೆ. ಇದು ಸರಿಯೋ ತಪ್ಪೋ ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಮಕ್ಕಳು ಮಾತ್ರ ಬೇಗ ತೀರ್ಮಾನಿಸುತ್ತಾರೆ. ಬಹಳ ಜನ ಮೊದಲನೆಯದನ್ನೇ ಬರೆಯುತ್ತಾರೆ.

ಕಂಡಕ್ಟರಕ್ಕ ಈಗ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕ್ ಮುಂದೆ ಕೂರುತ್ತಾರೆ. ಕೂತು ಕೂತು ಕಾಲು ಜೋಮು ಹಿಡಿಯುತ್ತದೆ ಎಂದು ದೂರುತ್ತಾರೆ. ಚಾಲಕರನ್ನು ಮೈಕಿನಲ್ಲೇ ಬೈಯುವುದರಿಂದ ಊರಿಗೆಲ್ಲ ಕೇಳಿಸುತ್ತದೆ.

ಸಂಜೆ ಶಾಲೆಗೆ ನಾನು ವಾರಕ್ಕೆ ಎರಡು ದಿನ ಈಗಲೂ ಹೋಗುತ್ತೇನೆ. ಈಗ ಅದು ಕಡ್ಡಾಯವಲ್ಲ, ಆದ್ದರಿಂದ ಅತ್ತೆಗೆ ಅದರ ಮೇಲೆ ಅನುಮಾನ ಹೆಚ್ಚಾಗಿದೆ. ಕಳೆದ ತಿಂಗಳು ಪಾಠ ಮಾಡುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಕಂಕುಳಲ್ಲಿ ಚಾರ್ಟಿನ ಸುರುಳಿ. ಐದು ಹಂತದವರು ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಇದ್ದರೆ ಹೆಂಡತಿ ಅಡುಗೆಗೆ ಹಂತಗಳನ್ನು ಹೇಳಿಕೊಡಬೇಡಿ ಎನ್ನುತ್ತಾರಂತೆ. ಇಲ್ಲಿ ಏನಾದರೂ ಕೆಲಸ ಇದ್ದರೆ ಮಾಡುತ್ತೇನೆ ಎಂದರು.

ನಾನು ಸೀಮೆಸುಣ್ಣ ಅವರ ಕೈಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತೆ. ನನ್ನ ಹತ್ತಿರ ಪೆನ್ನು ಒಂದೇ ಇತ್ತು, ಅದೇ ಬೇಸರ. ಅವರು ಗಂಟಲು ಸರಿಮಾಡಿಕೊಂಡು, ನೀವು ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತೀರಿ ಎಂದು ಪೀಠಿಕೆ ಹಾಕಿದರು. ಲಾಂಡ್ರಿಯ ತಂಗಿ ಎದ್ದು ನಿಂತು, ಬಟ್ಟೆ ನೆನೆಹಾಕುತ್ತೇನೆ, ಆದರೆ ಒದ್ದೆಯಾದ ಕೂಡಲೇ ಬಟ್ಟೆಯ ಬಣ್ಣ ಯಾಕೆ ಕಪ್ಪಗಾಗುತ್ತೆ, ನೀರಿಗೆ ಬಣ್ಣವೇ ಇಲ್ಲವಲ್ಲ ಎಂದು ಕೇಳಿದರು. ಮೇಷ್ಟರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ, ನನಗೂ ಗೊತ್ತಿರಲಿಲ್ಲ.

ಮೇಷ್ಟರು ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು, ಹೂಜಿಯ ನೀರಿನಲ್ಲಿ ಅದರ ಒಂದು ಮೂಲೆ ಅದ್ದಿ, ದೀಪದ ಹತ್ತಿರ ಹಿಡಿದು ಕನ್ನಡಕ ಮೇಲೆತ್ತಿ ನೋಡತೊಡಗಿದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಸುತ್ತ ಸೇರಿದರು. ಕರವಸ್ತ್ರದಿಂದ ನೀರು ಅವರ ತೋಳಿನೊಳಗೆ ಇಳಿಯುತ್ತಿತ್ತು, ಇಸ್ತ್ರಿ ಹಾಳಾಗುತ್ತಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ. ಲಾಂಡ್ರಿಯ ತಂಗಿ ತಡೆಯಲಾರದೆ ಅದನ್ನು ಕಿತ್ತುಕೊಂಡರು.

"ಸಾರ್‌ಗೆ ಹಿಂಡೋಕೂ ಬರಲ್ಲ" ಎಂದು ಹೇಳಿ, ಒಂದೇ ತಿರುವಿಗೆ ಹಿಂಡಿ, ಮತ್ತೆ ಅವರ ಕೈಗೇ ಕೊಟ್ಟರು.